ಎಫ್1 ವಾಪಸ್ ಬರುತ್ತಂತೆ, ಆದ್ರೆ ಯಾರ ದುಡ್ಡಲ್ಲಿ?

ಈ ಸುದ್ದಿ ವರ್ಷಕ್ಕೆ ಒಂದೆರಡು ಸಲ ಬಂದೇ ಬರುತ್ತೆ. 'ಇಂಡಿಯಾಗೆ ಫಾರ್ಮುಲಾ 1 ವಾಪಸ್' ಅಂತ ಹೆಡ್‌ಲೈನ್, ಕೆಳಗೆ ಆ ಕಾರ್ ರೇಸ್ ನಡೆದಿದ್ದ ಬುದ್ಧ್ ಸರ್ಕ್ಯೂಟ್‌ದು ಹತ್ತು ಹನ್ನೆರಡು ವರ್ಷ ಹಳೇ ಫೋಟೋ. ದೆಹಲಿ ನೋಯ್ಡಾ ಕಡೆ ಫ್ಯಾನ್ಸ್ ಅಂತೂ ಬಿಡಿ, ಅವ್ರ ಊರಿಗೆ ರೇಸ್ ವಾಪಸ್ ಬರೋ ಮಾತು, ಕುಣಿದಾಡ್ತಾರೆ, ಅದು ಸಹಜನೇ. ಇಲ್ಲಿ ಬೆಂಗಳೂರಲ್ಲಿ ಕೂತಿರೋರೂ ಫ್ಲೈಟ್ ರೇಟ್ ನೋಡೋಕೆ ಶುರು ಹಚ್ಕೋತಾರೆ. ಆಮೇಲೆ ಎರಡೇ ದಿನಕ್ಕೆ ಇನ್ನೊಂದು ಸುದ್ದಿ, ಸದ್ಯಕ್ಕೆ ಏನೂ ಫೈನಲ್ ಆಗಿಲ್ಲ ಅಂತ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಅಂದ್ರೆ ಇದೇ.

ಗೊಂದಲ ಎಲ್ಲಿ ಅಂದ್ರೆ, ಹೊರಗಿನಿಂದ ನೋಡೋರಿಗೆ ಎಲ್ಲಾ ರೆಡಿ ಇದ್ದ ಹಾಗೆ ಕಾಣುತ್ತೆ. ಟ್ರ್ಯಾಕ್ ಇದೆ, ಅದ್ರ ಮೇಲೆ ಮೂರು ಸಲ ರೇಸ್ ಆಗಿದೆ, ಡ್ರೈವರ್‌ಗಳೂ ಹೊಗಳಿದ್ದಾರೆ, ನೋಡೋ ಜನ 2011ರಲ್ಲಿ ಇದ್ದದ್ದಕ್ಕಿಂತ ಈಗ ಎಷ್ಟೋ ಜಾಸ್ತಿ. ಹಾಗಿದ್ಮೇಲೆ ಇನ್ನೇನು ಅಡ್ಡಿ? ಅಡ್ಡಿ ಇರೋದು ಡಾಂಬರಲ್ಲಲ್ಲ, ಕಾಗದದಲ್ಲಿ. ಅದೂ ಒಂದು ಕಾಗದ ಅಲ್ಲ, ಮೂರ್ನಾಲ್ಕು ಥರದ್ದು, ಒಂದಕ್ಕೊಂದು ಗಂಟು ಬಿದ್ದಿದೆ.

ಮೂರು ವರ್ಷದ ಸಂಭ್ರಮ

ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇರೋದು ಗ್ರೇಟರ್ ನೋಯ್ಡಾದಲ್ಲಿ, ಯಮುನಾ ಎಕ್ಸ್‌ಪ್ರೆಸ್‌ವೇ ಪಕ್ಕ. ಕಟ್ಟಿದ್ದು ಜೇಪೀ ಗ್ರೂಪ್, ಡಿಸೈನ್ ಮಾಡಿದ್ದು ಹರ್ಮನ್ ಟಿಲ್ಕೆ, ಈಗಿನ ಎಷ್ಟೋ ಎಫ್1 ಟ್ರ್ಯಾಕ್‌ಗಳ ಹಿಂದೆ ಇರೋ ಅದೇ ಜರ್ಮನ್. 5.125 ಕಿಲೋಮೀಟರ್ ಉದ್ದ, 16 ತಿರುವು, ಎತ್ತರ ತಗ್ಗು ಚೆನ್ನಾಗಿದೆ. ಮೊದಲ್ನೇ ರೇಸ್ 2011 ಅಕ್ಟೋಬರ್ 30ಕ್ಕೆ. ಆ ವಾರಾಂತ್ಯದ ಮೊದಲ ಪ್ರಾಕ್ಟೀಸ್ ಸೆಷನ್‌ಗೇ ಒಂದು ಬೀದಿನಾಯಿ ಟ್ರ್ಯಾಕ್ ಒಳಗೆ ಬಂದು ಓಡಾಡ್ತು, ಸೆಷನ್ ನಿಲ್ಲಿಸ್ಬೇಕಾಯ್ತು, ಜಗತ್ತೆಲ್ಲ ನೋಡಿ ನಗ್ತು. ಆದ್ರೆ ಭಾನುವಾರ ಸುಮಾರು 95 ಸಾವಿರ ಜನ ಸೇರಿದ್ರು, ಜರ್ಮನಿಯ ಡ್ರೈವರ್ ವೆಟ್ಟೆಲ್ ಗೆದ್ದ, ಆಗಿನ ಮುಖ್ಯಮಂತ್ರಿ ಮಾಯಾವತಿ ಕೈಯಿಂದ ಟ್ರೋಫಿ ತಗೊಂಡ. ನಾಯಿ ವಿಷ್ಯ ಮರೆತುಹೋಯ್ತು.

2012ರಲ್ಲೂ ವೆಟ್ಟೆಲ್, 2013ರಲ್ಲೂ ವೆಟ್ಟೆಲ್. ನಮ್ಮ ಮಲ್ಯ ಅವ್ರ ಫೋರ್ಸ್ ಇಂಡಿಯಾ ತಂಡಕ್ಕೆ ಮೂರು ವರ್ಷನೂ ಪಾಯಿಂಟ್ ಬಂತು, 2011 ಮತ್ತು 2012ರಲ್ಲಿ ನಾರಾಯಣ್ ಕಾರ್ತಿಕೇಯನ್ ಎಚ್‌ಆರ್‌ಟಿ ಅನ್ನೋ ಹಿಂದಿನ ಸಾಲಿನ ಕಾರಲ್ಲಿ ಓಡಿಸಿದ್ರು. 2013 ಅಕ್ಟೋಬರ್ 27ಕ್ಕೆ ವೆಟ್ಟೆಲ್ ನಾಲ್ಕನೇ ವರ್ಲ್ಡ್ ಟೈಟಲ್ ಅಲ್ಲೇ ಗ್ಯಾರಂಟಿ ಮಾಡ್ಕೊಂಡು, ನಿಯಮದ ಪ್ರಕಾರ ಪಾರ್ಕ್ ಮಾಡೋದು ಬಿಟ್ಟು ಗ್ರ್ಯಾಂಡ್‌ಸ್ಟ್ಯಾಂಡ್ ಮುಂದೆ ಕಾರನ್ನ ಗಿರಗಿರ ತಿರುಗಿಸಿ, ಹೊಗೆ ಎಬ್ಬಿಸಿ, ಇಳಿದು ಕಾರಿನ ಮುಂದೆ ಮಂಡಿಯೂರಿ ನಮಸ್ಕಾರ ಹಾಕ್ದ. ಅದಕ್ಕೆ 25 ಸಾವಿರ ಯೂರೋ ದಂಡ ಬಿತ್ತು. ಹೆಡ್‌ಲೈನ್ ಕೆಳಗೆ ಸಾಮಾನ್ಯವಾಗಿ ಬರೋ ಫೋಟೋ ಅದೇ. ಇಂಡಿಯಾದಲ್ಲಿ ಎಫ್1 ಕೊನೇ ಸಲ ಓಡಿದ್ದೂ ಅವತ್ತೇ.

ಒಪ್ಪಂದ ಐದು ವರ್ಷಕ್ಕೆ ಇತ್ತು. 2014ಕ್ಕೆ ಯಾಕೆ ಇಲ್ಲ ಅಂದಾಗ ಹೇಳಿದ್ದು, ಅಕ್ಟೋಬರ್ ಬದಲು ವರ್ಷದ ಶುರುವಿಗೆ ಶಿಫ್ಟ್ ಮಾಡ್ತೀವಿ, ಹಾಗಾಗಿ ಒಂದು ವರ್ಷ ಗ್ಯಾಪ್, 2015ಕ್ಕೆ ಬರ್ತೀವಿ ಅಂತ. ಆ 2015 ಇನ್ನೂ ಬಂದಿಲ್ಲ.

ಛತ್ರದವ್ನೇ ದಿಬ್ಬಣಕ್ಕೆ ದುಡ್ಡು ಕೊಡೋ ಮದುವೆ

ಬಹಳ ಜನ ಅಂದ್ಕೊಂಡಿರೋದು ಎಫ್1 ಕಂಪನಿ ಬಂದು ಟ್ರ್ಯಾಕ್ ಬಾಡಿಗೆಗೆ ತಗೊಂಡು ರೇಸ್ ನಡೆಸುತ್ತೆ ಅಂತ. ಸಾಮಾನ್ಯವಾಗಿ ಲೆಕ್ಕ ಪೂರ್ತಿ ಉಲ್ಟಾ. ಟ್ರ್ಯಾಕ್‌ನವ್ರೇ, ಅಂದ್ರೆ ಲೋಕಲ್ ಪ್ರೊಮೋಟರ್, ಎಫ್1ಗೆ ದುಡ್ಡು ಕೊಟ್ಟು ಕರೆಸ್ಬೇಕು. ಇದಕ್ಕೆ ಹೋಸ್ಟಿಂಗ್ ಫೀ ಅಂತಾರೆ. ಜೇಪೀ ಒಪ್ಪಂದದಲ್ಲಿ ಅದು 40 ಮಿಲಿಯನ್ ಡಾಲರ್, ಆಮೇಲೆ ಕೋರ್ಟ್ ತೀರ್ಪಲ್ಲೂ ಈ ಅಂಕಿ ಬಂದಿದೆ.

ಛತ್ರದ ಯಜಮಾನನೇ ಮದುವೆ ಮನೆಯವ್ರಿಗೆ ದುಡ್ಡು ಕೊಟ್ಟು ನಮ್ಮ ಛತ್ರಕ್ಕೆ ಬನ್ನಿ ಅಂತ ಕರೆದ ಹಾಗೆ ಅಂದ್ಕೊಳ್ಳಿ. ಸರಿ, ಕರೆದ, ಅವ್ನಿಗೇನೋ ಲಾಭ ಇರ್ಬೇಕಲ್ಲ. ಇಲ್ನೋಡಿ: ಟಿವಿ ಹಕ್ಕು ಎಫ್1ದು. ಟ್ರ್ಯಾಕ್ ಪಕ್ಕದ ಜಾಹೀರಾತು ಬೋರ್ಡ್ ಎಫ್1 ಬಳಗದ ಕಂಪನಿಗಳದ್ದು. ರೇಸ್ ಹೆಸರಿನ ಮುಂದೆ ಬರೋ ಸ್ಪಾನ್ಸರ್ ದುಡ್ಡು, ಇಲ್ಲಿ ಏರ್‌ಟೆಲ್ ಇತ್ತು, ಅದೂ ಅವ್ರದ್ದೇ. ದೊಡ್ಡೋರು ಕೂತು ಊಟ ಮಾಡೋ ಪ್ಯಾಡಾಕ್ ಕ್ಲಬ್ಬೂ ಅವ್ರದ್ದೇ. ಅಂದ್ರೆ ಊಟದ ಕಾಂಟ್ರಾಕ್ಟು, ಫೋಟೋ ವಿಡಿಯೋ, ಕೊನೆಗೆ ಮುಯ್ಯಿ ಕವರ್ ಕೂಡ ದಿಬ್ಬಣದವ್ರಿಗೆ. ಛತ್ರದವ್ನಿಗೆ ಹೆಚ್ಚುಕಮ್ಮಿ ಉಳಿಯೋದು ಬಾಗಿಲಲ್ಲಿ ಹರಿಯೋ ಟಿಕೆಟ್ ದುಡ್ಡು ಮಾತ್ರ.

ಈಗ ಒಂದು ಚೂರು ಲೆಕ್ಕ ಹಾಕೋಣ. 2011ರ ಅಕ್ಟೋಬರ್‌ನಲ್ಲಿ ಡಾಲರ್ ಸುಮಾರು 49 ರೂಪಾಯಿ, ಅಂದ್ರೆ 40 ಮಿಲಿಯನ್ ಅಂದ್ರೆ 196 ಕೋಟಿ. 95 ಸಾವಿರ ಜನಕ್ಕೆ ಹಂಚಿದ್ರೆ ತಲೆಗೆ 20 ಸಾವಿರ ಚಿಲ್ಲರೆ, ಅದು ಬರೀ ಹೋಸ್ಟಿಂಗ್ ಫೀಗೆ, ಕರೆಂಟು ಸೆಕ್ಯುರಿಟಿ ಮಾರ್ಷಲ್‌ಗಳು ಸಾಲದ ಬಡ್ಡಿ ಎಲ್ಲ ಬೇರೆ. ಆದ್ರೆ ಅವತ್ತು ಕಡಿಮೆ ಟಿಕೆಟ್ ಇದ್ದದ್ದು 2,500 ರೂಪಾಯಿಗೆ. 2013ಕ್ಕೆ ಬರೋ ಹೊತ್ತಿಗೆ ಡಾಲರ್ 61 ದಾಟಿತ್ತು, ಜನ 60 ಸಾವಿರದ ಆಸುಪಾಸಿಗೆ ಇಳಿದಿದ್ರು. ಅದೇ 40 ಮಿಲಿಯನ್ ಅಂತ ಇಟ್ಕೊಂಡ್ರೂ 245 ಕೋಟಿ ಆಯ್ತು, ತಲೆಗೆ 40 ಸಾವಿರ ದಾಟ್ತು. ಫೀ ಒಂದು ಡಾಲರ್ ಕೂಡ ಏರದೇ, ಎರಡೇ ವರ್ಷದಲ್ಲಿ ಒಬ್ಬೊಬ್ಬ ಪ್ರೇಕ್ಷಕನ ಮೇಲಿನ ಹೊರೆ ಡಬಲ್. ಎಫ್1 ಇಂಡಿಯಾ ಬಿಟ್ಟು ಹೋಗಿದ್ದಕ್ಕೆ ರಾಜಕೀಯ, ಟ್ಯಾಕ್ಸ್ ಅಂತೆಲ್ಲ ಕಾರಣ ಕೊಡ್ತಾರೆ, ಅವೂ ನಿಜನೇ, ಆದ್ರೆ ಈ ಭಾಗಾಕಾರ ಮಾಡಿ ನೋಡಿದ್ರೆ ಟ್ಯಾಕ್ಸ್ ಇಲ್ದಿದ್ರೂ ಬಂಡಿ ಬಹಳ ದಿನ ಓಡ್ತಿರ್ಲಿಲ್ಲ ಅನ್ಸುತ್ತೆ.

ಈಗಿನ ಲೆಕ್ಕ ಹಾಕಿದ್ರೆ ಎದೆ ಧಸಕ್ ಅನ್ನುತ್ತೆ. ಡಾಲರ್‌ಗೆ 90 ರೂಪಾಯಿ ಅಂತ ಹಿಡಿದ್ರೆ ಅದೇ ಹಳೇ ಫೀ 360 ಕೋಟಿ. ಒಂದು ಲಕ್ಷ ಜನ ಬಂದ್ರೂ ತಲೆಗೆ 36 ಸಾವಿರ. ಮತ್ತೆ ಹದಿನೈದು ವರ್ಷ ಹಿಂದಿನ ರೇಟಿಗೆ ಈಗ ಎಫ್1 ಬರುತ್ತೆ ಅಂತ ಯಾರೂ ಅಂದ್ಕೋಬಾರ್ದು.

ಇದು ಕ್ರೀಡೆನಾ, ಮನರಂಜನೆನಾ?

ಕೇಳೋಕೆ ಹರಟೆ ಪ್ರಶ್ನೆ ಥರ ಇದೆ, ಆದ್ರೆ ಕೋಟಿಗಟ್ಟಲೆ ದುಡ್ಡು ಈ ಒಂದು ಪದದ ಮೇಲೆ ನಿಂತಿದೆ. ನಮ್ಮ ಕಂಬಳದ ಕಥೆ ಗೊತ್ತಲ್ಲ, ಗದ್ದೆ ಅದೇ, ಕೋಣ ಅದೇ, ಓಡಿಸೋ ಜನನೂ ಅದೇ, ಆದ್ರೆ ಕಾನೂನಲ್ಲಿ ಅದನ್ನ ಏನಂತ ಬರ್ದಿದ್ದಾರೆ ಅನ್ನೋದ್ರ ಮೇಲೆ ಒಂದು ವರ್ಷ ನಿಷೇಧ, 2017ರಲ್ಲಿ ರಾಜ್ಯ ತಿದ್ದುಪಡಿ ತಂದ್ಮೇಲೆ ಮತ್ತೆ ಓಟ, 2023ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ. ಎಫ್1ಗೂ ಹಾಗೇ.

2011ರಲ್ಲಿ ಕ್ರೀಡಾ ಇಲಾಖೆ ಇದು ಕ್ರೀಡೆ ಅಲ್ಲ, ಕಮರ್ಷಿಯಲ್ ಮನರಂಜನೆ ಅನ್ನೋ ನಿಲುವು ತಗೊಳ್ತು. ಅದ್ರಿಂದ ಕಸ್ಟಮ್ಸ್ ಡ್ಯೂಟಿ ವಿನಾಯ್ತಿ ಸಿಗ್ಲಿಲ್ಲ. ಎಫ್1 ತಂಡಗಳು ಅಂದ್ರೆ ಒಂದು ಊರೇ ಎದ್ದು ಬಂದ ಹಾಗೆ, ಕಾರು, ಇಂಜಿನ್, ಟೈರು, ಕಂಪ್ಯೂಟರ್, ಅಡುಗೆ ಸಾಮಾನು ತನಕ ವಿಮಾನದಲ್ಲಿ ಬರುತ್ತೆ, ಒಂದು ವಾರ ಇದ್ದು ಮುಂದಿನ ದೇಶಕ್ಕೆ ಹಾರುತ್ತೆ. ಬೇರೆ ಎಷ್ಟೋ ಕಡೆ ಇದನ್ನ 'ತಾತ್ಕಾಲಿಕವಾಗಿ ಬಂದು ಹೋಗೋ ಸಾಮಾನು' ಅಂತ ಸರಾಗವಾಗಿ ಬಿಡ್ತಾರೆ. ಇಲ್ಲಿ ಪ್ರತಿಯೊಂದಕ್ಕೂ ಲೆಕ್ಕ, ಸುಟ್ಟುಹೋದ ಟೈರ್ ವಾಪಸ್ ಹೋಗಲ್ಲ ಅಲ್ವಾ ಅದಕ್ಕೆ ಡ್ಯೂಟಿ ಎಷ್ಟು, ಈ ಥರ.

ಇನ್ನೊಂದು ಕಡೆ ಉತ್ತರ ಪ್ರದೇಶ ಸರ್ಕಾರ ಎಂಟರ್‌ಟೈನ್‌ಮೆಂಟ್ ಟ್ಯಾಕ್ಸ್ ಮನ್ನಾ ಮಾಡಿತ್ತು. ಅದ್ರ ಮೇಲೆ ಸುಪ್ರೀಂ ಕೋರ್ಟಿಗೆ ಪಿಐಎಲ್ ಹೋಯ್ತು, ಶ್ರೀಮಂತರ ಆಟಕ್ಕೆ ಯಾಕ್ರೀ ವಿನಾಯ್ತಿ ಅಂತ. ರೇಸ್‌ಗೆ ಕೆಲವೇ ದಿನ ಇರೋವಾಗ ಟಿಕೆಟ್ ಆದಾಯದ 25 ಪರ್ಸೆಂಟ್ ಬೇರೆ ಅಕೌಂಟಲ್ಲಿ ಇಡಿ ಅಂತ ಕೋರ್ಟ್ ಆರ್ಡರ್ ಮಾಡ್ತು. ಪಿಐಎಲ್ ಹಾಕಿದವ್ರ ವಾದ ತಳ್ಳಿಹಾಕೋ ಹಾಗಿರ್ಲಿಲ್ಲ, ಅದೇ ವರ್ಷ ಆ ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ರೈತರು ಜಮೀನಿನ ಪರಿಹಾರಕ್ಕೆ ಬೀದಿಗಿಳಿದಿದ್ರು. ಆದ್ರೆ ಪ್ರೊಮೋಟರ್ ಕಡೆಯಿಂದ ನೋಡಿದ್ರೆ, ಕೈಗೆ ಬರೋ ಒಂದೇ ಒಂದು ಆದಾಯ ಟಿಕೆಟ್, ಅದ್ರಲ್ಲೂ ಕಾಲು ಭಾಗ ಲಾಕ್.

ಈಗ ಎಂಟರ್‌ಟೈನ್‌ಮೆಂಟ್ ಟ್ಯಾಕ್ಸ್ ಹೋಗಿ ಜಿಎಸ್‌ಟಿ ಬಂದಿದೆ, ಪ್ರಶ್ನೆ ಮಾತ್ರ ಹಾಗೇ ಇದೆ. 2025 ಸೆಪ್ಟೆಂಬರ್ 22ರಿಂದ ಐಪಿಎಲ್ ಥರದ ಮ್ಯಾಚ್ ಟಿಕೆಟ್‌ಗೆ 40 ಪರ್ಸೆಂಟ್ ಜಿಎಸ್‌ಟಿ. ಮಾನ್ಯತೆ ಇರೋ ಕ್ರೀಡಾಕೂಟ ಆದ್ರೆ 18. ಎಫ್1 ಯಾವ ಬುಟ್ಟಿಗೆ ಬೀಳುತ್ತೆ? 40ರ ಬುಟ್ಟಿಗೆ ಬಿದ್ರೆ ಆಗ್ಲೇ ಹೇಳಿದ 36 ಸಾವಿರ 50 ಸಾವಿರ ದಾಟುತ್ತೆ. ಅಷ್ಟು ದುಡ್ಡಲ್ಲಿ ಬೆಂಗಳೂರಿಂದ ಎಲ್ಲೆಲ್ಲಿಗೆ ಹೋಗಿ ಬರ್ಬಹುದು ಯೋಚ್ನೆ ಮಾಡಿ.

ಮೂರು ದಿನದ ಜಾತ್ರೆ 'ಪರ್ಮನೆಂಟ್' ಹೇಗಾಯ್ತು

ಎಲ್ಲಕ್ಕಿಂತ ದೊಡ್ಡ ಗಂಟು ಇದು. ವಿದೇಶಿ ಕಂಪನಿ ಇಂಡಿಯಾದಲ್ಲಿ ಗಳಿಸಿದ ವ್ಯಾಪಾರದ ಲಾಭಕ್ಕೆ ಇಲ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಬೇಕು ಅಂದ್ರೆ, ನಾವು ಬ್ರಿಟನ್ ಜೊತೆ ಮಾಡ್ಕೊಂಡಿರೋ ಒಪ್ಪಂದದ ಪ್ರಕಾರ, ಅದಕ್ಕೆ ಇಲ್ಲಿ 'ಪರ್ಮನೆಂಟ್ ಎಸ್ಟಾಬ್ಲಿಷ್‌ಮೆಂಟ್' ಇರ್ಬೇಕು. ಅಂದ್ರೆ ಒಂದು ಕಾಯಂ ನೆಲೆ. ಆಫೀಸು, ಫ್ಯಾಕ್ಟರಿ, ಬ್ರಾಂಚು, ಇಂಥದ್ದು.

ಎಫ್1 ಹಕ್ಕುಗಳನ್ನ ಇಟ್ಕೊಂಡಿರೋ ಬ್ರಿಟನ್ ಕಂಪನಿ ಹೇಳಿದ್ದು, ಸ್ವಾಮಿ ನಾವು ಜಾತ್ರೆಗೆ ಬರೋ ವ್ಯಾಪಾರಿ ಇದ್ದ ಹಾಗೆ, ವರ್ಷಕ್ಕೊಂದ್ಸಲ ಬರ್ತೀವಿ, ಮೂರು ದಿನ ಇರ್ತೀವಿ, ಹೋಗ್ತೀವಿ, ಜಾಗ ಜೇಪೀದು, ಇದ್ರಲ್ಲಿ ಕಾಯಂ ಏನು ಬಂತು? ಇನ್‌ಕಮ್ ಟ್ಯಾಕ್ಸ್‌ನವ್ರು ಹೇಳಿದ್ದು, ಜಾತ್ರೆ ಮೂರೇ ದಿನ ಇರ್ಬಹುದು, ಆದ್ರೆ ಆ ಮೂರು ದಿನ ಇಡೀ ಬಯಲಿನ ಯಜಮಾನ ನೀನೇ ಅಲ್ವಾ, ಯಾರು ಒಳಗೆ ಬರ್ಬೇಕು, ಎಲ್ಲಿ ಯಾವ ಬೋರ್ಡು ಹಾಕ್ಬೇಕು, ಕ್ಯಾಮೆರಾ ಎಲ್ಲಿಡ್ಬೇಕು, ಎಲ್ಲ ನಿನ್ನ ಮಾತು.

ಕೇಸ್ ಸುತ್ತಿ ಬಳಸಿ ಹೋಯ್ತು. 2014ರಲ್ಲಿ ಟ್ಯಾಕ್ಸ್ ವಿಷಯದ ಅಥಾರಿಟಿ ಫಾರ್ ಅಡ್ವಾನ್ಸ್ ರೂಲಿಂಗ್ಸ್ ಮುಂದೆ ಕಾಯಂ ನೆಲೆ ಇಲ್ಲ ಅಂತಾಯ್ತು, ಆದ್ರೆ ಜೇಪೀ ಕೊಟ್ಟ ದುಡ್ಡು ರಾಯಲ್ಟಿ, ಅಂದ್ರೆ ಹೆಸರು ಹಕ್ಕು ಬಳಸಿದ್ದಕ್ಕೆ ಕೊಡೋ ದುಡ್ಡು ಅಂತ ಹೇಳಿದ್ರು. 2016ರಲ್ಲಿ ದೆಹಲಿ ಹೈಕೋರ್ಟ್ ಎರಡನ್ನೂ ತಿರುಗಿಸಿ ಹಾಕ್ತು, ರಾಯಲ್ಟಿ ಅಲ್ಲ, ಆದ್ರೆ ಕಾಯಂ ನೆಲೆ ಹೌದು ಅಂತ. 2017 ಏಪ್ರಿಲ್ 24ಕ್ಕೆ ಸುಪ್ರೀಂ ಕೋರ್ಟ್, ಜಸ್ಟಿಸ್ ಸಿಕ್ರಿ ಬರೆದ ತೀರ್ಪಲ್ಲಿ, ಹೈಕೋರ್ಟ್ ಮಾತನ್ನೇ ಎತ್ತಿಹಿಡೀತು. ಕೋರ್ಟ್ ನೋಡಿದ್ದು ದಿನದ ಲೆಕ್ಕ ಅಲ್ಲ, ಹಿಡಿತದ ಲೆಕ್ಕ. ಮೀಡಿಯಾ, ಜಾಹೀರಾತು, ಹಾಸ್ಪಿಟಾಲಿಟಿ ಹಕ್ಕುಗಳು ಸುತ್ತಿಕೊಂಡು ಮತ್ತೆ ಎಫ್1 ಬಳಗಕ್ಕೇ ಹೋಗಿದ್ದನ್ನ ಕೋರ್ಟ್ ಎಳೆಎಳೆಯಾಗಿ ಬಿಡಿಸಿಟ್ಟಿದೆ. ಟ್ರ್ಯಾಕ್ ಅನ್ನೋ ಜಾಗದಿಂದಲೇ ಆದಾಯ ಹುಟ್ತಿರೋದು, ಒಪ್ಪಂದ ಐದು ವರ್ಷದ್ದು, ಆ ದಿನಗಳಲ್ಲಿ ಹಿಡಿತ ಇವ್ರದ್ದು, ಹಾಗಾಗಿ ಇದು ಕಾಯಂ ನೆಲೆನೇ.

ಇದ್ರ ಪರಿಣಾಮ ಏನು? ಲಾಭದ ಮೇಲೆ ವಿದೇಶಿ ಕಂಪನಿಗಳ ರೇಟಲ್ಲಿ ಟ್ಯಾಕ್ಸ್, ಆಗ 40 ಪರ್ಸೆಂಟ್, 2024ರ ಬಜೆಟ್ ಆದ್ಮೇಲೆ 35. ಅದಕ್ಕಿಂತ ಮುಖ್ಯವಾಗಿ, ದುಡ್ಡು ಕೊಡುವಾಗಲೇ ಪ್ರೊಮೋಟರ್ ಟ್ಯಾಕ್ಸ್ ಹಿಡ್ಕೊಂಡು ಕೊಡ್ಬೇಕು. ಎಫ್1ನವ್ರು ನಮಗೆ ಪೂರ್ತಿ ಫೀ ಕೈಗೆ ಬರ್ಬೇಕು ಅಂತ ಕೂತ್ರೆ ಆ ಟ್ಯಾಕ್ಸೂ ಪ್ರೊಮೋಟರ್ ತಲೆ ಮೇಲೇ. ಒಂದು ವಿಚಿತ್ರ ನೋಡಿ, ತೀರ್ಪು ಬಂದಿದ್ದು ರೇಸ್ ನಿಂತು ಮೂರೂವರೆ ವರ್ಷ ಆದ್ಮೇಲೆ. ಹಾಗಾಗಿ ಟ್ಯಾಕ್ಸ್ ತೀರ್ಪಿನಿಂದ ಎಫ್1 ಓಡಿಹೋಯ್ತು ಅನ್ನೋದು ತಪ್ಪು, ತೀರ್ಪಿನಿಂದ ಆಗಿದ್ದು ವಾಪಸ್ ಬರೋ ಬಾಗಿಲಿಗೆ ಚಿಲಕ ಬಿದ್ದಿದ್ದು. ಅದನ್ನ ತೆಗೀಬೇಕು ಅಂದ್ರೆ ಕೇಂದ್ರ ಸರ್ಕಾರನೇ ಕಾನೂನಿನ ಮೂಲಕ ವಿನಾಯ್ತಿ ಕೊಡ್ಬೇಕು, ಮಂತ್ರಿಗಳು ಪ್ರೆಸ್ ಮುಂದೆ ಆಸಕ್ತಿ ಇದೆ ಅಂದ್ರೆ ಸಾಲಲ್ಲ.

ಟ್ರ್ಯಾಕ್ ಯಾರ ಕೈಲಿದೆ

ಜೇಪೀ ಕಥೆ ಉದ್ದ ಇದೆ, ಚಿಕ್ಕದಾಗಿ ಹೇಳ್ತೀನಿ. ಸಾಲ ಬೆಟ್ಟದಷ್ಟಾಯ್ತು. ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ಬಾಕಿ ಕಟ್ಟಿಲ್ಲ ಅಂತ 2020ರಲ್ಲಿ ಸರ್ಕ್ಯೂಟ್ ಇರೋ ಸುಮಾರು ಸಾವಿರ ಹೆಕ್ಟೇರ್ ಜಾಗದ ಹಂಚಿಕೆಯನ್ನೇ ರದ್ದು ಮಾಡ್ತು, 2025 ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಆ ರದ್ದತಿ ಸರಿ ಅಂತು. ಅತ್ತ ಮೂಲ ಕಂಪನಿ ಜೈಪ್ರಕಾಶ್ ಅಸೋಸಿಯೇಟ್ಸ್ 2024 ಜೂನ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯ್ತು. ಕೊಳ್ಳೋಕೆ ವೇದಾಂತ ಇತ್ಯಾದಿ ಪೈಪೋಟಿ ನಡೆದು, 2025 ನವೆಂಬರ್‌ನಲ್ಲಿ ಸಾಲ ಕೊಟ್ಟ ಬ್ಯಾಂಕುಗಳ ಕಮಿಟಿ ಅದಾನಿ ಪ್ಲಾನ್ ಒಪ್ಪಿತು.

ಇದು ಯಾಕೆ ಮುಖ್ಯ ಅಂದ್ರೆ, ಎಫ್1 ಜೊತೆ ಕಾಗದಕ್ಕೆ ಸಹಿ ಹಾಕೋಕೆ ಒಬ್ಬ ಯಜಮಾನ ಬೇಕು. ಇಷ್ಟು ವರ್ಷ ಆ ಖುರ್ಚಿನೇ ಖಾಲಿ. ದೊಡ್ಡ ಜೇಬಿನವ್ರು ಬಂದು ಕೂತ್ರೆ ಒಂದು ಗಂಟು ಸಡಿಲ ಆಗುತ್ತೆ, ಪಕ್ಕದಲ್ಲೇ ಜೇವರ್ ಏರ್‌ಪೋರ್ಟ್ ಬೇರೆ. ಈ ಸಲದ ಆಸೆಗೆ ಹಿಂದಿನ ಸಲಗಳಿಗಿಂತ ಸ್ವಲ್ಪ ಜೀವ ಇದೆ ಅಂದ್ರೆ ಇದೇ ಕಾರಣಕ್ಕೆ.

ಬಂದು ಒಂದೇ ಸಲಕ್ಕೆ ಹೋದವ್ರು

ಎಫ್1 ಬಿಡಿ, ಮಿಕ್ಕಿದ್ದೂ ನಿಂತಿಲ್ಲ. ಹೈದರಾಬಾದ್‌ಗೆ 2023 ಫೆಬ್ರವರಿ 11ಕ್ಕೆ ಫಾರ್ಮುಲಾ ಇ ಬಂತು, ಹುಸೇನ್ ಸಾಗರದ ದಂಡೆ ಮೇಲೆ ಎಲೆಕ್ಟ್ರಿಕ್ ರೇಸ್ ಕಾರುಗಳು, ನೋಡೋಕೆ ನಿಜವಾಗ್ಲೂ ಚೆಂದ ಇತ್ತು. ಆ ವರ್ಷದ ಕೊನೆಗೆ ರಾಜ್ಯದಲ್ಲಿ ಸರ್ಕಾರ ಬದಲಾಯ್ತು, 2024ರ ಜನವರಿಯಲ್ಲಿ ಎರಡನೇ ರೇಸ್ ರದ್ದು. ಹಿಂದಿನ ಸರ್ಕಾರ ರೇಸ್ ಕಂಪನಿಗೆ ಕೊಟ್ಟ ಸುಮಾರು 55 ಕೋಟಿ ವಿಷ್ಯದಲ್ಲಿ ಆಮೇಲೆ ಎಸಿಬಿ ಕೇಸೂ ಆಯ್ತು, ಆಗಿನ ಮಂತ್ರಿ ತಪ್ಪೇ ನಡೆದಿಲ್ಲ ಅಂತಾರೆ. ಗ್ರೇಟರ್ ನೋಯ್ಡಾಗೆ ಮೋಟೋಜಿಪಿ ಬೈಕ್ ರೇಸ್ ಬಂದಿದ್ದೂ 2023ರಲ್ಲೇ, ಸೆಪ್ಟೆಂಬರ್‌ನಲ್ಲಿ. ವೀಸಾ ತಡ ಆಗಿ ರೈಡರ್‌ಗಳೇ ಪರದಾಡಿದ್ರು, ಬಿಸಿಲಿಗೆ ಹೆದರಿ ಲ್ಯಾಪ್ ಕಡಿಮೆ ಮಾಡಿದ್ರು, ಇಟಲಿಯ ಬೆಝೆಕ್ಕಿ ಗೆದ್ದ. ಒಪ್ಪಂದ ಏಳು ವರ್ಷದ್ದು ಅಂದಿದ್ರು, ನಡೆದದ್ದು ಒಂದು.

ಚೆನ್ನೈ ಕೇಸ್ ಸ್ವಲ್ಪ ಬೇರೆ. ಐಲ್ಯಾಂಡ್ ಗ್ರೌಂಡ್ಸ್ ಸುತ್ತ 3.5 ಕಿಲೋಮೀಟರ್ ರಸ್ತೆಯಲ್ಲಿ ರಾತ್ರಿ ರೇಸು, ಫಾರ್ಮುಲಾ 4 ಮಟ್ಟದ್ದು. 2023 ಡಿಸೆಂಬರ್‌ಗೆ ಇದ್ದದ್ದು ಮಿಚಾಂಗ್ ಚಂಡಮಾರುತಕ್ಕೆ ಮುಂದಕ್ಕೆ ಹೋಗಿ 2024 ಆಗಸ್ಟ್ ಕೊನೆಗೆ ನಡೀತು. ಅದಕ್ಕೂ ಸರ್ಕಾರದ ದುಡ್ಡು ಯಾಕೆ ಅಂತ ಮದ್ರಾಸ್ ಹೈಕೋರ್ಟ್ ತನಕ ಹೋದ್ರು. ಆದ್ರೂ ನಡೆದು ಹೋಯ್ತು, ಯಾಕಂದ್ರೆ ಎಫ್1ಗೆ ಹೋಲಿಸಿದ್ರೆ ಖರ್ಚು ಚಿಕ್ಕದು. ಹೈದರಾಬಾದ್ ಕಥೆ ನೋಡಿದ್ರೆ ಒಂದು ವಿಷ್ಯ ಕಾಣುತ್ತೆ, ರೇಸನ್ನ ತಂದ ಸರ್ಕಾರ ಹೋದ್ರೆ ರೇಸ್ ಉಳಿಯೋದೂ ಕಷ್ಟ. ಉತ್ತರ ಪ್ರದೇಶದಲ್ಲೂ ಮಾಯಾವತಿ ಸರ್ಕಾರ ಮೊದಲ್ನೇ ರೇಸ್ ಆಗಿ ಐದೇ ತಿಂಗಳಿಗೆ ಹೋಗಿತ್ತು, ಆಮೇಲೆ ರೇಸ್ ನಡೆದದ್ದು ಎರಡೇ ಸಲ.

ಹಾಗಾದ್ರೆ ಸರ್ಕಾರನೇ ದುಡ್ಡು ಹಾಕ್ಬೇಕಾ?

ಹೌದು ಅನ್ನೋರು ಸಿಂಗಾಪುರ ತೋರಿಸ್ತಾರೆ. ಅಲ್ಲಿ ಖರ್ಚಿನ ಸುಮಾರು 60 ಪರ್ಸೆಂಟ್ ಸರ್ಕಾರನೇ ಹಾಕುತ್ತೆ, ರೇಸ್ ವಾರದಲ್ಲಿ ಹೋಟೆಲ್‌ಗಳ ಮೇಲೆ ಸೆಸ್ ಹಾಕಿ ಒಂದಿಷ್ಟು ವಾಪಸ್ ತಗೊಳ್ಳುತ್ತೆ. 2008ರಿಂದ ನಡೀತಿದೆ. ಆದ್ರೆ ಒಂದು ವ್ಯತ್ಯಾಸ ಮರೀಬಾರ್ದು: ಸಿಂಗಾಪುರದಲ್ಲಿ ರೇಸ್ ಊರ ಮಧ್ಯೆ, ಬಂದವ್ನು ರೂಮಿಂದ ನಡ್ಕೊಂಡು ಟ್ರ್ಯಾಕಿಗೆ ಹೋಗ್ತಾನೆ, ರಾತ್ರಿ ಊಟ ಶಾಪಿಂಗ್ ಎಲ್ಲ ಅಲ್ಲೇ. ಬುದ್ಧ್ ಇರೋದು ದೆಹಲಿಯಿಂದ ಆಚೆ ಬಯಲಲ್ಲಿ. ಜನ ಬೆಳಗ್ಗೆ ಬಂದು ಸಂಜೆ ಟ್ರಾಫಿಕ್‌ನಲ್ಲಿ ಬೈಕೊಂಡು ವಾಪಸ್ ಹೋದ್ರೆ ಊರಿಗೆ ಉಳಿಯೋದು ಪಾರ್ಕಿಂಗ್ ಧೂಳು. ಹೋಟೆಲು, ಮೆಟ್ರೋ, ಏರ್‌ಪೋರ್ಟು ಟ್ರ್ಯಾಕ್ ತನಕ ಬಂದ್ರೆ ಮಾತ್ರ ಸಿಂಗಾಪುರದ ಲೆಕ್ಕ ಇಲ್ಲಿಗೆ ಕೂರುತ್ತೆ.

ಬೇಡ ಅನ್ನೋರು ಹೇಳೋದು ಸರಳ, 360 ಕೋಟಿ ವರ್ಷಾವರ್ಷ ಲಂಡನ್‌ಗೆ ಕಳಿಸೋ ಬದಲು ಅದ್ರಲ್ಲಿ ಎಷ್ಟು ಕಾರ್ಟಿಂಗ್ ಟ್ರ್ಯಾಕ್ ಕಟ್ಬಹುದು. ಈ ಮಾತಲ್ಲಿ ತೂಕ ಇದೆ. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೋದಲ್ಲಿ ಫಾರ್ಮುಲಾ 2 ಸ್ಪ್ರಿಂಟ್, ಅಂದ್ರೆ ಚಿಕ್ಕ ರೇಸ್, ಗೆದ್ದ, ಎಫ್1ಗೆ ಒಂದೇ ಮೆಟ್ಟಿಲು ಕೆಳಗಿನ ರೇಸ್ ಅದು, ಆಲ್ಪೀನ್ ತಂಡದ ರಿಸರ್ವ್ ಪಟ್ಟಿಯಲ್ಲೂ ಇದ್ದ. ಅವ್ನ ಅಣ್ಣ ಅರ್ಜುನ್‌ಗೂ ಒಂದು ಕಾಲದಲ್ಲಿ ಹಾಸ್ ತಂಡದ ಡೆವಲಪ್‌ಮೆಂಟ್ ಡ್ರೈವರ್ ಜಾಗ ಸಿಕ್ಕಿತ್ತು. ಇಬ್ರೂ ಬೆಳೆದಿದ್ದು ಯೂರೋಪಿನ ಟ್ರ್ಯಾಕ್‌ಗಳಲ್ಲಿ, ಬುದ್ಧ್ ಸರ್ಕ್ಯೂಟ್ ದಯೆಯಿಂದ ಅಲ್ಲ.

ಇನ್ನು ಖಾಸಗಿಯವ್ರೇ ನೋಡ್ಕೊಳ್ಳಲಿ ಅನ್ನೋ ಮೂರನೇ ದಾರಿ. ಇದಕ್ಕೆ ಹಾಲೆಂಡ್‌ನ ಝಾಂಡ್‌ವೋರ್ಟ್ ಸರಿಯಾದ ಪಾಠ. 1985ಕ್ಕೆ ನಿಂತ ರೇಸು, ವರ್‌ಸ್ಟಾಪೆನ್ ಅಲೆ ಮೇಲೆ 2021ರಲ್ಲಿ ವಾಪಸ್ ಬಂತು, ಊರಿಗೆ ಊರೇ ಕಿತ್ತಳೆ ಬಣ್ಣ, ಸರ್ಕಾರದ ಫೀ ಸಬ್ಸಿಡಿ ಇಲ್ಲ, ಟಿಕೆಟ್ ಸೋಲ್ಡ್ ಔಟ್. ಅಷ್ಟಿದ್ದೂ ಅವ್ರೇ ಲೆಕ್ಕ ಹಾಕಿ ರಿಸ್ಕ್ ಜಾಸ್ತಿ ಆಯ್ತು ಅಂತ 2026ಕ್ಕೆ ಕೊನೆ ಮಾಡ್ತೀವಿ ಅಂದ್ರು. ನಾಲ್ಕು ಸಲ ಚಾಂಪಿಯನ್ ಆದ ಮನೆಮಗ ಇರೋ ದೇಶದಲ್ಲೇ ಟಿಕೆಟ್ ದುಡ್ಡು ನಂಬ್ಕೊಂಡು ಮುಂದುವರಿಯೋಕೆ ಧೈರ್ಯ ಬರ್ಲಿಲ್ಲ.

ಎಫ್1ಗೆ ನಮ್ಮ ಅವಸರ ಇಲ್ಲ

2011ರಲ್ಲಿ ಎಫ್1 ನಡೆಸ್ತಿದ್ದ ಬರ್ನಿ ಎಕ್ಲೆಸ್ಟೋನ್‌ಗೆ ಹೊಸ ದೇಶ ಬೇಕಿತ್ತು. ಈಗ ಎಫ್1 ಕೊಂಡ ಲಿಬರ್ಟಿ ಮೀಡಿಯಾ ಕಂಪನಿ ಕಾಲ, 24 ರೇಸಿನ ಕ್ಯಾಲೆಂಡರ್ ತುಂಬಿ ತುಳುಕ್ತಿದೆ. ಬಹ್ರೇನ್ 2036ರ ತನಕ, ಮೆಲ್ಬರ್ನ್ 2037ರ ತನಕ, ಮಯಾಮಿ 2041ರ ತನಕ ಸಹಿ ಹಾಕಿ ಕೂತಿವೆ. ಝಾಂಡ್‌ವೋರ್ಟ್ ಖಾಲಿ ಮಾಡಿದ ಮೇಲೆ ಪೋರ್ಚುಗಲ್‌ನ ಪೋರ್ಟಿಮಾವೋ 2027, 2028ಕ್ಕೆ ಬಂದು ಕೂತಾಯ್ತು. ಬೆಲ್ಜಿಯಂನ ಸ್ಪಾ 2028ಕ್ಕೂ 2030ಕ್ಕೂ ಇರಲ್ಲ, ಆದ್ರೆ ಅಂಥ ಸೀಟಿಗೆ ಟವಲ್ ಹಾಕೋರು ಬೇಕಾದಷ್ಟಿದ್ದಾರೆ. ಥಾಯ್ಲೆಂಡ್ ಕ್ಯಾಬಿನೆಟ್ 2025 ಜೂನ್‌ನಲ್ಲೇ ಬ್ಯಾಂಕಾಕ್ ರೇಸ್‌ಗೆ ಅಂತ ಒಂದು ಬಿಲಿಯನ್ ಡಾಲರ್ ಮೀರಿದ ಬಿಡ್‌ಗೆ ಹೂಂ ಅಂದಿದೆ, ಆಫ್ರಿಕಾದಿಂದ ರುವಾಂಡಾ ಕೂಡ ಕೇಳಿತ್ತು.

ಇಂಡಿಯಾಗೆ ತಾರೀಖೂ ಕಷ್ಟನೇ. ಅಕ್ಟೋಬರ್ ನವೆಂಬರ್‌ನಲ್ಲಿ ದೆಹಲಿ ಹೊಗೆ, ಏಪ್ರಿಲ್ ದಾಟಿದ್ರೆ ಬಿಸಿಲು, ಆಮೇಲೆ ಮಳೆ. ಉಳಿಯೋದು ಫೆಬ್ರವರಿ ಮಾರ್ಚ್, ಅಲ್ಲಿ ಆಸ್ಟ್ರೇಲಿಯಾ, ಚೀನಾ, ಜಪಾನ್ ಆಗ್ಲೇ ಸಾಲಾಗಿ ನಿಂತಿವೆ. ಅವುಗಳ ಮಧ್ಯೆ ನುಗ್ಗೋಕೆ ಎಫ್1ಗೆ ಒಂದು ಕಾರಣ ಕೊಡ್ಬೇಕು. ನಮ್ಮ ಹತ್ರ ಇರೋ ಕಾರಣ ಒಂದೇ, ಜನಸಂಖ್ಯೆ, ನೆಟ್‌ಫ್ಲಿಕ್ಸ್ ನೋಡಿ ಫ್ಯಾನ್ ಆದ ಹೊಸ ಹುಡುಗ ಹುಡುಗಿಯರು, ಮೊಬೈಲಲ್ಲಿ ಫ್ಯಾನ್‌ಕೋಡ್ ಹಾಕ್ಕೊಂಡು ಭಾನುವಾರ ಸಂಜೆ ಕೂರೋರು. ಆದ್ರೆ ಆ ಪ್ರೇಕ್ಷಕರು ರೇಸ್ ಇಲ್ಲಿ ನಡೀದೇ ಇದ್ರೂ ಹೇಗೂ ನೋಡ್ತಿದ್ದಾರಲ್ಲ, ಅದು ಎಫ್1ಗೂ ಗೊತ್ತು.

ಮುಂದಿನ ಹೆಡ್‌ಲೈನ್ ಬಂದಾಗ ಏನು ನೋಡ್ಬೇಕು

ಮಂತ್ರಿ ಟ್ರ್ಯಾಕ್ ನೋಡೋಕೆ ಹೋದ್ರು ಅನ್ನೋ ಸುದ್ದಿಗೆ ಹೆಚ್ಚು ಬೆಲೆ ಕೊಡೋದು ಬೇಡ. ಸುದ್ದಿಯಲ್ಲಿ ಪ್ರೊಮೋಟರ್ ಹೆಸರು ಇದೆಯಾ, ಅಂದ್ರೆ ಡಾಲರ್‌ನಲ್ಲಿ ಫೀ ಕಟ್ಟೋಕೆ ಸಹಿ ಹಾಕೋ ಕಂಪನಿ ಯಾವ್ದು, ಅದನ್ನ ಹುಡುಕಿ. ಅದು ಇಲ್ಲ ಅಂದ್ರೆ ಓದೋದು ನಿಲ್ಲಿಸ್ಬಹುದು. ಇದೆ ಅಂದ್ರೆ ಆಮೇಲೆ ಬಜೆಟ್ ಭಾಷಣ ಅಥವಾ ಟ್ಯಾಕ್ಸ್ ನೋಟಿಫಿಕೇಷನ್‌ಗೆ ಕಾಯಿರಿ, 2017ರ ತೀರ್ಪಿನ ಬಿಸಿ ತಗ್ಗಿಸೋ ಸಾಲು ಅಲ್ಲಿ ಬಂದ್ರೆ ವಿಷ್ಯ ಸೀರಿಯಸ್ ಅಂತ ಅರ್ಥ, ಯಾಕಂದ್ರೆ ಅದನ್ನ ಯಾರೂ ಸುಮ್ನೆ ಬರೆಯಲ್ಲ. ಟ್ರ್ಯಾಕ್‌ಗೆ ಮತ್ತೆ ಎಫ್‌ಐಎ (ಕಾರ್ ರೇಸಿನ ವಿಶ್ವ ಸಂಸ್ಥೆ) ಗ್ರೇಡ್ 1, ಅಂದ್ರೆ ಎಫ್1 ಓಡಿಸೋಕೆ ಬೇಕಾದ ಮಟ್ಟದ ಇನ್‌ಸ್ಪೆಕ್ಷನ್ ಆಯ್ತು ಅನ್ನೋದು ಇದೆಲ್ಲ ಆದ ಮೇಲೆ ಬರೋ ಸುದ್ದಿ, ಡಾಂಬರು ಬೇಲಿ ಸರಿ ಮಾಡೋದು ಇಷ್ಟೆಲ್ಲದ್ರಲ್ಲಿ ಸುಲಭದ ಕೆಲಸ. ನಾಯಿ ಬರದೇ ಇರೋ ಹಾಗೆ ಬೇಲಿ ಅಂತೂ ಹಾಕ್ಲೇಬೇಕು.

ಇವು ಒಂದಾದ ಮೇಲೊಂದು ಸರಿಯಾಗಿ ನಡೆದ್ರೂ ಎರಡು ಮೂರು ವರ್ಷಕ್ಕೆ ಕಡಿಮೆ ಇಲ್ಲ. ಅಲ್ಲಿ ತನಕ ಕಾಯೋಕಾಗಲ್ಲ, ಒಂದ್ಸಲ ಕಣ್ಣಾರೆ ನೋಡ್ಲೇಬೇಕು, ಆ ಸದ್ದು ಎದೆಗೆ ಬಡೀಬೇಕು ಅನ್ನೋರಿಗೆ ಬೆಂಗಳೂರಿಂದ ಸಿಂಗಾಪುರ ನಾಲ್ಕೂವರೆ ಗಂಟೆ ಹಾರಾಟ, ಒಪ್ಪಂದ 2028ರ ತನಕ ಇದೆ, ಟ್ರ್ಯಾಕಿಗೆ ಮೆಟ್ರೋದಲ್ಲೇ ಹೋಗ್ಬಹುದು.